ಬಸದಿಗೆ ತನ್ನ ಹೆಸರಿಡದ ಪಟ್ಟಣಸ್ವಾಮಿ
ಹೊಯ್ಸಳರ ಕಾಲದ ವರ್ತಕ ನಾಯಕ ನಾಗದೇವ ಹಾಗೂ ಬೆಳಗೊಳದ ನಖರ

ಹಾಸನ ನಗರದಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಕೊರವಂಗಲ ಗ್ರಾಮವು ಬೂಚೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. 1173ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಸಿಂಹಾಸನವನ್ನೇರಿದಾಗ, ಆ ಸಂಭ್ರಮದ ನೆನಪಿಗಾಗಿ ಬೂಚಿ ಎಂಬ ಸಿರಿವಂತ ಅಧಿಕಾರಿಯು ಈ ದೇಗುಲವನ್ನು ಕಟ್ಟಿಸಿದನು. ಶಿವಲಿಂಗದ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿಯೊಂದು ಇಲ್ಲಿರುವುದು ವಿಶೇಷ. ಅವನ ಸಹೋದರರಾದ ಗೋವಿಂದ ಮತ್ತು ನಾಕರ ಹೆಸರನ್ನು ಹೊತ್ತ ಗೋವಿಂದೇಶ್ವರ ಮತ್ತು ನಾಕೇಶ್ವರ ದೇಗುಲಗಳೂ ಅದೇ ಊರಿನಲ್ಲಿವೆ. ಮೂವರು ಅಣ್ಣತಮ್ಮಂದಿರು, ಮೂರು ದೇಗುಲಗಳು, ಮೂರಕ್ಕೂ ಅವರವರದೇ ಹೆಸರು. ಇಂದು ಬೂಚೇಶ್ವರವು ಸುಸ್ಥಿತಿಯಲ್ಲಿದ್ದು ಸಂರಕ್ಷಿತ ಸ್ಮಾರಕವಾಗಿದೆ. ಉಳಿದೆರಡು ದೇಗುಲಗಳು ಪಾಳುಬಿದ್ದಿವೆ.

ದೇಗುಲಕ್ಕೆ ಕಟ್ಟಿಸಿದವನ ಹೆಸರಿಡುವುದು ಅಂದಿನ ವಾಡಿಕೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೇ ಬಲ್ಲಾಳನ ಆಳ್ವಿಕೆಯಲ್ಲಿ, ಇಂದಿನ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಮತ್ತೊಬ್ಬ ಗಣ್ಯನು ಬಸದಿಯೊಂದನ್ನು ಕಟ್ಟಿಸಿ ಅದನ್ನು ಊರಿನ ವರ್ತಕರ ಕೈಗೆ ಒಪ್ಪಿಸಿದನು. ಅವನ ಹೆಸರು ನಾಗದೇವ. ಅವನು ರಾಜನ ಮಂತ್ರಿಯೂ ಹೌದು, ಪಟ್ಟಣಸ್ವಾಮಿಯೂ ಹೌದು. 1195ರಲ್ಲಿ ನಿರ್ಮಾಣವಾದ ಆ ಬಸದಿಗೆ 'ನಾಗ' ಎಂಬ ಹೆಸರು ಬರಲಿಲ್ಲ. ವರ್ತಕರ ಸಂಘವನ್ನು ಸೂಚಿಸುವ 'ನಗರ ಜಿನಾಲಯ' ಎಂಬ ಹೆಸರೇ ಅದಕ್ಕೆ ನಿಂತಿತು. ವ್ಯಾಪಾರವನ್ನೂ ಊರಿನ ಆಡಳಿತವನ್ನೂ ಒಂದೇ ಹೆಗಲಿನ ಮೇಲೆ ಹೊತ್ತಿದ್ದ ನಮ್ಮ ನಾಡಿನ ಆರಂಭಕಾಲದ ವರ್ತಕ ಮುಖಂಡರನ್ನು ಅರಿಯಲು ಈ ಒಂದು ಹೆಸರು ಉತ್ತಮ ಪ್ರವೇಶದ್ವಾರವಾಗಿದೆ.

ಪಟ್ಟಣಸ್ವಾಮಿ ಎಂದರೆ ಯಾರು?

'ಸೆಟ್ಟಿ ಬಿಟ್ಟಲ್ಲೇ ಪಟ್ಟಣ' ಎಂಬುದು ಕನ್ನಡದ ಹಳೆಯ ಗಾದೆ. ಸೆಟ್ಟಿಯು ತನ್ನ ಹೇರನ್ನು ಇಳಿಸಿದ ಸ್ಥಳದಲ್ಲಿ ಸಂತೆ ಕೂಡುತ್ತದೆ. ಸಂತೆ ಕೂಡಿದಲ್ಲಿ ಅಂಗಡಿ ಬೀದಿ ಹುಟ್ಟುತ್ತದೆ. ಬೀದಿ ಬೆಳೆದರೆ ಊರು ಪಟ್ಟಣವೆನಿಸುತ್ತದೆ. ಹೀಗೆ ವ್ಯಾಪಾರದಿಂದ ಹುಟ್ಟಿದ ಪಟ್ಟಣಕ್ಕೆ ವ್ಯಾಪಾರಿಗಳಿಂದಲೇ ಒಬ್ಬ ಮುಖ್ಯಸ್ಥನಿರುವುದು ಸಹಜವಾಗಿತ್ತು. ಅವನೇ ಪಟ್ಟಣಸ್ವಾಮಿ. ಶಾಸನಗಳಲ್ಲಿ ಅವನನ್ನು ಪಟ್ಟಣಸೆಟ್ಟಿ ಎಂದೂ ಕರೆದಿರುವುದುಂಟು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಳಕೆಯಲ್ಲಿರುವ 'ಪಟ್ಟಣಶೆಟ್ಟಿ' ಎಂಬ ಮನೆತನದ ಹೆಸರು ಈ ಹಳೆಯ ಪದವಿಯನ್ನೇ ನೆನಪಿಸುತ್ತದೆ.

ಅಂದಿನ ವರ್ತಕರು ಒಂಟಿಯಾಗಿ ವ್ಯವಹರಿಸುತ್ತಿರಲಿಲ್ಲ. ಒಂದು ಊರಿನಲ್ಲಿ ನೆಲೆಸಿದ ವ್ಯಾಪಾರಿಗಳ ಸಂಘಕ್ಕೆ ನಖರ ಅಥವಾ ನಗರ ಎಂಬ ಹೆಸರಿತ್ತು. ದೇಶದೇಶಗಳಲ್ಲಿ ಸಂಚರಿಸುತ್ತಿದ್ದವರು ನಾನಾದೇಶಿಗಳೆನಿಸಿದ್ದರು. ಮುಮ್ಮುರಿದಂಡ, ಗವರೆ ಮೊದಲಾದ ಬೇರೆ ಸಂಘಗಳೂ ಇದ್ದವು. ಇವೆಲ್ಲಕ್ಕೂ ಹಿರಿಯದೆನಿಸಿದ್ದ 'ಅಯ್ಯಾವೊಳೆ ಐನೂರ್ವರು' ಎಂಬ ಮಹಾಸಂಘವು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿತ್ತು. ತಮ್ಮ ನಡೆನುಡಿಯ ಕಟ್ಟಳೆಯನ್ನು ಇವರು 'ಬಣಂಜುಧರ್ಮ' ಎಂದು ಕರೆದುಕೊಂಡರು. ಆಡಿದ ಮಾತಿಗೆ ತಪ್ಪದಿರುವುದು ಅದರ ತಿರುಳಾಗಿತ್ತು.

ಪಟ್ಟಣಸ್ವಾಮಿಯು ಒಂದು ಕಡೆ ಈ ವರ್ತಕ ಸಮುದಾಯಕ್ಕೂ, ಇನ್ನೊಂದು ಕಡೆ ಅರಸನಿಗೂ ಸಲ್ಲುವವನು. ಸಂತೆಯನ್ನು ನೆಲೆಗೊಳಿಸುವುದು, ಊರಿನ ಪರವಾಗಿ ದಾನದತ್ತಿಗಳಿಗೆ ಸಾಕ್ಷಿಯಾಗುವುದು, ಸುಂಕದ ವಿಷಯದಲ್ಲಿ ಅಧಿಕಾರಿಗಳೊಡನೆ ವ್ಯವಹರಿಸುವುದು, ಕೆರೆ ಮತ್ತು ದೇಗುಲಗಳ ಧರ್ಮಕಾರ್ಯಗಳಲ್ಲಿ ಮುಂದಾಗಿ ನಿಲ್ಲುವುದು ಮುಂತಾದ ಸಂದರ್ಭಗಳಲ್ಲಿ ಶಾಸನಗಳು ಅವನನ್ನು ಹೆಸರಿಸುತ್ತವೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಪುರಸಭೆಯ ಅಧ್ಯಕ್ಷ ಮತ್ತು ವಾಣಿಜ್ಯ ಸಂಸ್ಥೆಯ ಅಧ್ಯಕ್ಷ, ಇಬ್ಬರ ಹೊಣೆಯೂ ಒಬ್ಬನಲ್ಲೇ ಸೇರಿದಂತೆ.

ನಾಗದೇವನು ಈ ಪದವಿಯಲ್ಲಿ ಮೊದಲಿಗನಲ್ಲ. ಅವನಿಗೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲು, ಇಂದಿನ ಶಿವಮೊಗ್ಗ ಜಿಲ್ಲೆಯ ಹೊಂಬುಜದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಎಂಬ ಪ್ರಸಿದ್ಧ ವರ್ತಕನಿದ್ದನು. ಸಾಂತರ ಅರಸರ ಆ ರಾಜಧಾನಿಯಲ್ಲಿ 1062ರ ಸುಮಾರಿಗೆ ಅವನು ಬಸದಿಯೊಂದನ್ನು ಕಟ್ಟಿಸಿದ್ದಲ್ಲದೆ ಕೆರೆಗಳನ್ನೂ ತೋಡಿಸಿದನು. ಆ ಬಸದಿಯು ಪಟ್ಟಣಸ್ವಾಮಿ ಜಿನಾಲಯವೆಂದೇ ಹೆಸರಾಯಿತು. ಗಳಿಸಿದ ಹಣ ನೀರಿಗೂ ಗುಡಿಗೂ ಹರಿಯಬೇಕೆಂಬ ನಿರೀಕ್ಷೆ ಆ ಪದವಿಗೆ ಮೊದಲಿನಿಂದಲೂ ಅಂಟಿಕೊಂಡಿತ್ತು.

ಕಾಲ ಮತ್ತು ಮಾರುಕಟ್ಟೆ

ಇಮ್ಮಡಿ ಬಲ್ಲಾಳನು 1173ರಿಂದ 1220ರವರೆಗೆ ಆಳಿದನು. ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಅವನ ರಾಜಧಾನಿ. ಅರಮನೆ, ಸೈನ್ಯ ಮತ್ತು ದೇಗುಲಗಳ ಬೇಡಿಕೆಯಿಂದಾಗಿ ಹಾಸನ ಸೀಮೆಯ ವ್ಯಾಪಾರ ವಿಸ್ತಾರಗೊಂಡಿತು. ಪಡುವಣ ಘಟ್ಟವನ್ನು ಇಳಿದರೆ ಕರಾವಳಿಯ ರೇವುಗಳು. ಮೂಡಣಕ್ಕೆ ನಡೆದರೆ ಬಯಲುಸೀಮೆಯ ಸಂತೆಗಳು. ಮಲೆನಾಡಿನ ಮೆಣಸು ಮತ್ತು ಅಡಕೆ, ಬಯಲಿನ ಧಾನ್ಯ, ಎಣ್ಣೆ ಮತ್ತು ಬಟ್ಟೆ, ಕಡಲಾಚೆಯಿಂದ ಬಂದ ಕುದುರೆ, ಇವೆಲ್ಲವೂ ಎತ್ತು, ಕತ್ತೆಗಳ ಬೆನ್ನಿನ ಮೇಲೆ, ಬಂಡಿಗಳಲ್ಲಿ ಸಾಗುತ್ತಿದ್ದವು. ಸುಂಕವನ್ನು ಹೇರಿನ ಲೆಕ್ಕದಲ್ಲಿ ವಸೂಲು ಮಾಡಲಾಗುತ್ತಿತ್ತು.

ದೊಡ್ಡ ಪ್ರಮಾಣದಲ್ಲಿ ವ್ಯವಹರಿಸುವವರಿಗೆ 'ವಡ್ಡವ್ಯವಹಾರಿ' ಎಂಬ ಬಿರುದಿತ್ತು. ಬಲ್ಲಾಳನ ಕಾಲದ ಕಮ್ಮಟದ ಚಟ್ಟಿಸೆಟ್ಟಿಯೆಂಬ ವರ್ತಕನು ಹಡಗುಗಳಲ್ಲಿ ಕುದುರೆ, ಆನೆ ಮತ್ತು ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಶಾಸನ ಹೇಳುತ್ತದೆ. ಒಳನಾಡಿನ ವ್ಯಾಪಾರಿಯ ವ್ಯವಹಾರವು ಸಮುದ್ರದವರೆಗೂ ಚಾಚಿಕೊಂಡಿತ್ತೆಂಬುದಕ್ಕೆ ಇದೊಂದು ನಿದರ್ಶನ.

ಬೆಳಗೊಳದ ವರ್ತಕರೂ ಇದಕ್ಕೆ ಹೊರತಾಗಿರಲಿಲ್ಲ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದ ಮೇಲೆ ಬೆಳಗೊಳವು ಯಾತ್ರಾಸ್ಥಳವಾಗಿ ಬೆಳೆಯಿತು. ಯಾತ್ರಿಕರು ಬಂದಲ್ಲಿ ಹಾಲು, ಹೂವು, ಎಣ್ಣೆ, ಅಕ್ಕಿ, ಬಟ್ಟೆಗಳ ವ್ಯಾಪಾರವೂ ಬರುತ್ತದೆ. ಆದರೆ ಇಲ್ಲಿನ ಸೆಟ್ಟಿಗಳು ಕೇವಲ ಯಾತ್ರಿಕರನ್ನು ನೆಚ್ಚಿದವರಲ್ಲ. ಹಲವು ರೇವುಪಟ್ಟಣಗಳೊಡನೆ ನಾನಾ ಬಗೆಯ ವ್ಯವಹಾರ ನಡೆಸುವುದರಲ್ಲಿ ನಿಪುಣರು, ಸತ್ಯಶೌಚಗಳನ್ನು ಪಾಲಿಸುವವರು ಎಂದು ಶಾಸನಗಳು ಅವರನ್ನು ಬಣ್ಣಿಸಿವೆ. ಹೊಗಳಿಕೆಯ ಭಾಗವನ್ನು ಕಳೆದರೂ, ಕಡಲಿನಿಂದ ಬಲು ದೂರದ ಒಂದು ಊರಿನ ವರ್ತಕರು ರೇವುಗಳ ಹೆಸರಿನಲ್ಲಿ ಹೆಮ್ಮೆಪಡುತ್ತಿದ್ದರೆಂಬುದು ಉಳಿಯುತ್ತದೆ.

ನಾಗದೇವನ ಬಾಳು

ನಾಗದೇವನು ಬಮ್ಮದೇವ ಹೆಗ್ಗಡೆ ಮತ್ತು ಜೋಗವ್ವೆ ದಂಪತಿಗಳ ಮಗನು. ಹೆಗ್ಗಡೆ ಎಂಬುದು ಆಡಳಿತದಲ್ಲಿ ಹೊಣೆಯುಳ್ಳವರಿಗೆ ಸಲ್ಲುತ್ತಿದ್ದ ಪದವಾದುದರಿಂದ ಅಧಿಕಾರದ ಪರಿಚಯ ಅವನಿಗೆ ಮನೆಯಲ್ಲೇ ದೊರೆತಿರಬೇಕು. ಬಲ್ಲಾಳನ ಮಂತ್ರಿಯಾಗಿಯೂ ಪಟ್ಟಣಸ್ವಾಮಿಯಾಗಿಯೂ ಅವನು ಏರಿದನು.

ಅವನ ಗುರು ನಯಕೀರ್ತಿ ಸಿದ್ಧಾಂತ ಚಕ್ರವರ್ತಿ. ಆ ಕಾಲದ ಬೆಳಗೊಳದಲ್ಲಿ ನಯಕೀರ್ತಿಯ ಪ್ರಭಾವ ಬಹಳ ದೊಡ್ಡದು. ಮೂವರು ಹೊಯ್ಸಳ ಅರಸರ ಬಳಿ ಸೇವೆ ಸಲ್ಲಿಸಿದ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೂ ಈ ಗುರುವಿಗೂ ಸಂಬಂಧವಿತ್ತು. 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕನೂ ಇದೇ ಗುರುಪರಂಪರೆಯ ಶಿಷ್ಯೆ. ಆಕೆಯ ಪತಿ ಚಂದ್ರಮೌಳಿ ಬಲ್ಲಾಳನ ಮಂತ್ರಿಯಾಗಿದ್ದವನು. ಖಜಾನೆಯ ಅಧಿಕಾರಿ, ಮಂತ್ರಿಯ ಮಡದಿ, ವರ್ತಕ ಮುಖಂಡ, ಇವರೆಲ್ಲರೂ ಒಂದೇ ಗುರುಪೀಠದ ಸುತ್ತ ಸೇರಿದ್ದರು.

1176ರಲ್ಲಿ ನಯಕೀರ್ತಿಯು ಕಾಲವಾದಾಗ ಅವನ ಸ್ಮಾರಕವಾಗಿ ನಿಷಿಧಿಯನ್ನು ನಿಲ್ಲಿಸಿದವನು ನಾಗದೇವನೇ. ನಗರ ಜಿನಾಲಯವು ಎದ್ದದ್ದು ಅದಾದ ಸುಮಾರು ಹತ್ತೊಂಬತ್ತು ವರ್ಷಗಳ ಅನಂತರ. ಈ ನಡುವೆ ಪಾರ್ಶ್ವನಾಥನ ಬಸದಿಯ ಮುಂದೆ ಕಲ್ಲುಹಾಸನ್ನೂ ನೃತ್ಯರಂಗವನ್ನೂ ಅವನು ಮಾಡಿಸಿದ್ದನು. ಕಲ್ಲುಹಾಸು ಪ್ರಶಸ್ತಿಗಳಲ್ಲಿ ಮಿಂಚುವ ಕೆಲಸವಲ್ಲ. ಜನರು ಕಾಲಿಡುವ ನೆಲವನ್ನು ಸರಿಪಡಿಸುವ ಪೌರಕಾರ್ಯ. ಪಟ್ಟಣಸ್ವಾಮಿಯ ದೃಷ್ಟಿ ಅಂಥದರ ಮೇಲೂ ಬಿದ್ದುದು ಗಮನಾರ್ಹವಾಗಿದೆ.

ನಗರ ಜಿನಾಲಯವು ಗಾತ್ರದಲ್ಲಿ ಚಿಕ್ಕದು. ಗರ್ಭಗೃಹ, ಸುಕನಾಸಿ ಮತ್ತು ನವರಂಗಗಳಿರುವ ಸರಳ ಕಟ್ಟಡ. ಮೂಲನಾಯಕ ಆದಿನಾಥ. ಹಳೇಬೀಡಿನ ಕೆತ್ತನೆಯನ್ನು ಕಂಡು ಬಂದವರಿಗೆ ಇಲ್ಲಿ ಬೆರಗುಪಡಲು ಹೆಚ್ಚೇನೂ ಇಲ್ಲ. ಇದರ ಹಿರಿಮೆ ಇರುವುದು ಕಟ್ಟಡದಲ್ಲಲ್ಲ, ಅದರ ವ್ಯವಸ್ಥೆಯಲ್ಲಿ. ಬಸದಿಯ ರಕ್ಷಣೆಯ ಹೊಣೆಯನ್ನು ಬೆಳಗೊಳದ ನಖರರು ಹೊತ್ತರು. ಮಂತ್ರಿಯ ಪದವಿ ಅರಸನ ಕೃಪೆಯಿರುವವರೆಗೆ. ಮನೆತನದ ಸಿರಿ ಒಂದೆರಡು ತಲೆಮಾರಿನವರೆಗೆ. ವರ್ತಕರ ಸಂಘವಾದರೋ ಸದಸ್ಯರು ಬದಲಾದರೂ ತಾನು ಉಳಿಯುತ್ತದೆ. ಇಂದಿನ ನಿಗಮಗಳ ಹಾಗೂ ವಿಶ್ವಸ್ತ ಮಂಡಲಿಗಳ ಕಾನೂನು ಮುಖ್ಯವಾಗಿ ನೆಚ್ಚಿಕೊಂಡಿರುವುದು ಇದೇ ತತ್ತ್ವವನ್ನು.

ಮೂಲಧನ ಉಳಿಯಲಿ, ಬಡ್ಡಿ ನಡೆಯಲಿ

ನಖರರಿಗೆ ಹೊಣೆಯನ್ನು ಒಪ್ಪಿಸುವುದು ಎಂದರೆ ಏನು? ಅದನ್ನು ತಿಳಿಯಲು ಅಂದಿನ ಹಣದ ಲೆಕ್ಕವನ್ನು ನೋಡಬೇಕು. ಚಿನ್ನದ ಗದ್ಯಾಣಕ್ಕೆ ಹತ್ತು ಹಣ. ಒಂದು ಹಣಕ್ಕೆ ನಾಲ್ಕು ಹಾಗ. ಹಣದ ಹದಿನಾರನೆಯ ಒಂದು ಪಾಲು ವೀಸ. 'ಹಾಗ ವೀಸ' ಎಂಬ ಮಾತು ಚಿಲ್ಲರೆ ಹಣದ ಅರ್ಥದಲ್ಲಿ ಕನ್ನಡದಲ್ಲಿ ಬಹುಕಾಲ ಉಳಿಯಿತು.

ಬೆಳಗೊಳದಲ್ಲಿ ದಾನಕ್ಕೆ ಎರಡು ಮಾರ್ಗಗಳು ಪ್ರಚಲಿತವಾಗಿದ್ದವು. ಮೊದಲನೆಯದು ವಾರ್ಷಿಕ ವಂತಿಗೆ. ಮೊಸಳೆಯ ವಡ್ಡವ್ಯವಹಾರಿ ಬಸವಿಸೆಟ್ಟಿ ಎಂಬವನೂ ನಯಕೀರ್ತಿಯ ಶಿಷ್ಯನೇ. ಅವನು ಗೊಮ್ಮಟನ ಸುತ್ತಾಲಯದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಮೂರ್ತಿಗಳನ್ನು ಸ್ಥಾಪಿಸಿದನು. ಮೂರ್ತಿ ಸ್ಥಾಪಿಸಿದರೆ ಮುಗಿಯಲಿಲ್ಲ, ಪೂಜೆ ನಿತ್ಯವೂ ನಡೆಯಬೇಕು. ಅದಕ್ಕಾಗಿ ಮೊಸಳೆಯ ವರ್ತಕರು ಪ್ರತಿವರ್ಷ ಇಂತಿಷ್ಟು ಕೊಡುವುದಾಗಿ ಒಪ್ಪಿಕೊಂಡರು. ಯಾರು ಎಷ್ಟು ಕೊಡತಕ್ಕದ್ದೆಂಬುದನ್ನು ಹೆಸರು ಹೆಸರಾಗಿ ಕಲ್ಲಿನಲ್ಲಿ ಕೆತ್ತಲಾಯಿತು. ಇಂದಿನ ಸಂಘಗಳ ವಾರ್ಷಿಕ ವರದಿಯ ಕೊನೆಯ ಪುಟದಲ್ಲಿ ವಂತಿಗೆದಾರರ ಪಟ್ಟಿ ಇರುವಂತೆಯೇ ಇದೂ ಇದೆ. ವ್ಯತ್ಯಾಸವಿಷ್ಟೆ: ಕಲ್ಲಿನ ಪಟ್ಟಿಯಲ್ಲಿ ಬಾಕಿದಾರನು ಎಂಟು ಶತಮಾನಗಳವರೆಗೂ ಬಾಕಿದಾರನೇ.

ಎರಡನೆಯದು ಠೇವಣಿ. ಭಕ್ತನೊಬ್ಬನು ಕೆಲವು ಗದ್ಯಾಣಗಳನ್ನು ಇಡುಗಂಟಾಗಿ ಕೊಡುತ್ತಾನೆ. ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಪ್ರತಿದಿನ ಇಷ್ಟು ಮಾನ ಹಾಲು ಸಲ್ಲಬೇಕು. 13ನೆಯ ಶತಮಾನದ ಇಂಥ ಹಲವು ಶಾಸನಗಳು ಬೆಳಗೊಳದಲ್ಲಿ ಸಿಕ್ಕಿವೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿ ನಿಲ್ಲುವಂತಿಲ್ಲ. ಹಣವನ್ನು ದುಡಿಸಿ ಬಡ್ಡಿಯನ್ನು ಹುಟ್ಟಿಸಬಲ್ಲವನು ವ್ಯಾಪಾರಿ. ಊರಿನ ಹಾಲಿನ ಲೆಕ್ಕವು ಹೀಗೆ ವ್ಯಾಪಾರದ ಲಾಭನಷ್ಟದೊಡನೆ ತಳುಕು ಹಾಕಿಕೊಂಡಿತು. ವ್ಯಾಪಾರ ಕೆಟ್ಟರೆ ಅಭಿಷೇಕ ಕೆಟ್ಟಂತೆ.

ನಗರ ಜಿನಾಲಯದ ನಿರ್ವಹಣೆಯೂ ತಾನಾಗಿಯೇ ನಡೆಯಲಿಲ್ಲ. ನಾಗದೇವನ ಕಾಲದ ಸುಮಾರು ಒಂದು ಶತಮಾನದ ಅನಂತರ, 13ನೆಯ ಶತಮಾನದ ಉತ್ತರಾರ್ಧದಲ್ಲಿ, ಬೆಳಗೊಳ ಮತ್ತು ಜಿನನಾಥಪುರಗಳ ವರ್ತಕರು ಒಟ್ಟಾಗಿ ಸೇರಿ ನಗರ ಜಿನಾಲಯದ ಆದಿದೇವರ ಜೀರ್ಣೋದ್ಧಾರಕ್ಕಾಗಿ ತಮ್ಮ ಆದಾಯದಲ್ಲಿ ಒಂದು ಪಾಲನ್ನು ಕೊಡಲು ನಿರ್ಣಯಿಸಿದರು. ಅರಸನು ವಿಧಿಸಿದ ತೆರಿಗೆಯಲ್ಲ. ವರ್ತಕರು ತಮಗೆ ತಾವೇ ವಿಧಿಸಿಕೊಂಡದ್ದು. ಮರೆಮಾಚುವವರಿಗೆ ಘೋರವಾದ ಶಾಪವನ್ನೂ ಬರೆಯಿಸಿದರು. ಲೆಕ್ಕಪರಿಶೋಧಕರಿಲ್ಲದ ಕಾಲದಲ್ಲಿ ಸಾರ್ವಜನಿಕ ಸ್ಥಳದ ಶಾಸನ, ಸಾಕ್ಷಿಗಳ ಹೆಸರು ಮತ್ತು ಶಾಪ, ಈ ಮೂರೇ ಲೆಕ್ಕಪರಿಶೋಧನೆಯ ಸಾಧನಗಳಾಗಿದ್ದವು. ಒಪ್ಪಂದವು ಎಲ್ಲರ ಕಣ್ಣಮುಂದಿದ್ದುದರಿಂದ ತಪ್ಪಿದವನನ್ನು ಊರೇ ಕೇಳಬಹುದಾಗಿತ್ತು.

ಬಸುವಿಸೆಟ್ಟಿಯ ಸಂಧಾನ

ವರ್ತಕ ಮುಖಂಡರ ಪಾತ್ರವು ಹಣಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಹೊಯ್ಸಳರು ಮರೆಯಾಗಿ ವಿಜಯನಗರದ ಆಳ್ವಿಕೆ ಆರಂಭವಾದ ಮೇಲೆ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ವಿವಾದವುಂಟಾಯಿತು. 1368ರಲ್ಲಿ ಬುಕ್ಕರಾಯನು ಎರಡೂ ಕಡೆಯವರನ್ನು ಕರೆಸಿ, ಇಬ್ಬರಲ್ಲಿ ಭೇದವಿಲ್ಲವೆಂದು ಸಾರಿ ತೀರ್ಪಿತ್ತನು. ಬೆಳಗೊಳದ ಶಾಸನಗಳಲ್ಲೇ ಅತ್ಯಂತ ಪ್ರಸಿದ್ಧವಾದುದು ಇದು.

ತೀರ್ಪು ಶಾಂತಿಯ ಮಾತಿನಲ್ಲೇ ನಿಲ್ಲಲಿಲ್ಲ. ಅದರೊಳಗೆ ಒಂದು ಆಯವ್ಯಯವೂ ಇತ್ತು. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡುವುದು. ತಿರುಮಲೆಯ ತಾತಯ್ಯನು ಆ ಹಣದಿಂದ ಗೊಮ್ಮಟದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸುವುದು. ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸುವುದು. ಒಂದು ಪಕ್ಷದ ಹಣ, ಇನ್ನೊಂದು ಪಕ್ಷದ ಮೇಲ್ವಿಚಾರಣೆ, ಇಬ್ಬರಿಗೂ ಕೆಲಸ ಕಾಣುವಂಥ ಖರ್ಚು. ವ್ಯವಹಾರ ಬಲ್ಲವರ ಕೈ ಇದರಲ್ಲಿರುವುದು ಎದ್ದು ಕಾಣುತ್ತದೆ. ಅದಕ್ಕೆ ತಕ್ಕಂತೆ ಶಾಸನದ ಕೊನೆಯಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬಸುವಿಸೆಟ್ಟಿಯ ಹೆಸರು ಬರುತ್ತದೆ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಈ ಕಾರ್ಯವನ್ನು ನೆರವೇರಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ 'ಸಂಘನಾಯಕ' ಪಟ್ಟವನ್ನು ಕಟ್ಟಿದರು. ಇಬ್ಬರ ನಂಬಿಕೆಯನ್ನೂ ಗಳಿಸಿದ ಸೆಟ್ಟಿಗೆ ಇಬ್ಬರೂ ಸೇರಿ ಕೊಟ್ಟ ಪದವಿ ಇದು.

1634ರ ಅಡಮಾನ

ಇಲ್ಲಿಗೆ ಕಥೆ ನಿಂತಿದ್ದರೆ ಅದು ವರ್ತಕರ ಗುಣಗಾನವಷ್ಟೇ ಆಗುತ್ತಿತ್ತು. ಆದರೆ ಬೆಳಗೊಳದ ಕಲ್ಲುಗಳು ಖಾತೆಯ ಇನ್ನೊಂದು ಬದಿಯನ್ನೂ ಬರೆದಿಟ್ಟಿವೆ.

17ನೆಯ ಶತಮಾನದ ಹೊತ್ತಿಗೆ ಬೆಳಗೊಳದ ದೇವಸ್ವವು ಸಂಕಟಕ್ಕೆ ಸಿಲುಕಿತ್ತು. ದೇವರ ಸೇವೆಗೆಂದು ಬಿಟ್ಟ ಭೂಮಿಕಾಣಿಗಳನ್ನು ಸ್ಥಾನಿಕರು ವರ್ತಕರಿಗೆ ಅಡವಿಟ್ಟು ಸಾಲ ಪಡೆದಿದ್ದರು. ಬಸದಿಗಳನ್ನು ಕಾಯುವುದಾಗಿ ನಾಗದೇವನ ಕಾಲದಲ್ಲಿ ಮುಂದೆ ಬಂದಿದ್ದ ವರ್ಗದವರೇ ಈಗ ಬಸದಿಗಳ ಆಸ್ತಿಯ ಮೇಲೆ ಸಾಲಗಾರರ ಹಕ್ಕನ್ನು ಹೊಂದಿ ಕುಳಿತಿದ್ದರು. ಸಾಲ ಕೊಡುವುದು ಅಪರಾಧವಲ್ಲ. ಅಡಮಾನ ಪಡೆಯುವುದು ವ್ಯಾಪಾರದ ನಿಯಮ. ಆದರೂ ಮೂಲಧನವನ್ನು ಮುಟ್ಟಬಾರದೆಂಬ ಹಳೆಯ ಕಟ್ಟಳೆ ಮುರಿದಿತ್ತು. ಪೂಜೆಯ ಆಧಾರವೇ ಕುಸಿದಿತ್ತು.

1634ರಲ್ಲಿ ಮೈಸೂರಿನ ದೊರೆ ಚಾಮರಾಜ ಒಡೆಯರು ಈ ವಿಷಯವನ್ನು ಕೈಗೆತ್ತಿಕೊಂಡರು. ಅಡವು ಹಿಡಿದ ವರ್ತಕರನ್ನು ಬರಮಾಡಿಕೊಂಡು, ಅವರಿಗೆ ಸಲ್ಲಬೇಕಾದ ಸಾಲವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ಬಲವಂತವಾಗಿ ಪತ್ರಗಳನ್ನು ರದ್ದುಗೊಳಿಸಲಿಲ್ಲ. ಆಗ ವರ್ತಕರು ಅರಸನ ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡಮಾನಗಳನ್ನು ಬಿಟ್ಟುಕೊಟ್ಟರು. ದೇವಸ್ವವನ್ನು ಮುಂದೆ ಯಾರೂ ಅಡವಿಡಕೂಡದು, ಯಾರೂ ಅಡವು ಹಿಡಿಯಕೂಡದು ಎಂಬ ಕಟ್ಟಪ್ಪಣೆಯೂ ಶಾಸನವಾಯಿತು.

ವರ್ತಕರು ಅಂದು ಬಿಟ್ಟುಕೊಟ್ಟದ್ದು ನ್ಯಾಯವಾಗಿ ತಮಗೆ ಬರಬೇಕಾಗಿದ್ದ ಹಣವನ್ನು. ಇಂದಿನ ಬ್ಯಾಂಕಿಂಗ್ ಭಾಷೆಯಲ್ಲಿ ಅದನ್ನು ಸಾಲಮನ್ನಾ ಎನ್ನಬಹುದು. ಸರ್ಕಾರದ ಖರ್ಚಿನಿಂದಲ್ಲ, ಸಾಲ ಕೊಟ್ಟವರ ಜೇಬಿನಿಂದಲೇ ಆದ ಮನ್ನಾ. ಅರಸನ ಮುಂದೆ ಇಲ್ಲವೆನ್ನಲು ಅವರಿಗೆ ಸಂಕೋಚವಿದ್ದಿರಬಹುದು. ಆದರೆ ಹಣ ಪಡೆಯುವ ಅವಕಾಶವನ್ನು ಅರಸನೇ ಮುಂದಿಟ್ಟಿದ್ದನೆಂಬುದನ್ನು ಮರೆಯುವಂತಿಲ್ಲ. 1195ರಲ್ಲಿ ನಖರರು ಹೊತ್ತ ಹೊಣೆಗೆ ನಾಲ್ಕೂವರೆ ಶತಮಾನಗಳ ಅನಂತರ ಬೆಳಗೊಳದಲ್ಲೇ ಸಂದ ಪ್ರತಿಫಲವೆಂದು ಇದನ್ನು ತಿಳಿಯಬಹುದು.

ಪದವಿ ಹೋಯಿತು, ಹೊಣೆ ಉಳಿಯಿತು

ಪಟ್ಟಣಸ್ವಾಮಿ ಎಂಬ ಪದವಿ ಕಾಲಕ್ರಮದಲ್ಲಿ ಮರೆಯಾಯಿತು. ಆದರೆ ಊರಿನ ಆಡಳಿತದಲ್ಲಿ ವರ್ತಕರಿಗೆ ದನಿಯಿರಬೇಕೆಂಬ ಕಲ್ಪನೆ ಮತ್ತೆ ಮತ್ತೆ ಹೊಸ ರೂಪ ತಾಳಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ, 144 ಸದಸ್ಯರ ಆ ಮೊದಲ ಸಭೆಗೆ ಜಿಲ್ಲೆಗಳಿಂದ ಭೂಹಿಡುವಳಿದಾರರೊಡನೆ ವರ್ತಕರನ್ನೂ ಕರೆಸಲಾಗಿತ್ತು. 1916ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಾಣಿಜ್ಯ ಸಂಸ್ಥೆ ಸ್ಥಾಪನೆಯಾಯಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲ ಅದೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದ ಭದ್ರತೆಯನ್ನು ಒದಗಿಸಿತು.

ಇಂದು ವಾಣಿಜ್ಯ ಸಂಸ್ಥೆಯೇ ಬೇರೆ, ಪುರಸಭೆಯೇ ಬೇರೆ. ಎರಡನ್ನೂ ಬೇರ್ಪಡಿಸಿದ್ದು ಒಳ್ಳೆಯದೇ ಆಯಿತು. ಸುಂಕ ತೆರುವವನೂ ಸುಂಕದ ಬಗ್ಗೆ ಅರಸನೊಡನೆ ಮಾತನಾಡುವವನೂ ಒಬ್ಬನೇ ಆಗಿದ್ದ ಪಟ್ಟಣಸ್ವಾಮಿಯ ಪದವಿಯಲ್ಲಿ ಸ್ವಹಿತಕ್ಕೆ ಬಾಗಿಲು ತೆರೆದೇ ಇತ್ತು. ಮತದಾನವಿಲ್ಲದ, ಹುಟ್ಟು ಮತ್ತು ಸಿರಿಗಳೇ ಅರ್ಹತೆಯಾಗಿದ್ದ ಆ ವ್ಯವಸ್ಥೆಯನ್ನು ಮರಳಿ ತರಬೇಕೆಂದು ಯಾರೂ ಬಯಸಲಾರರು. ಬಯಸಬೇಕಾದದ್ದು ಆ ವರ್ತಕರು ಪಾಲಿಸಿದ ಮೂರು ರೂಢಿಗಳನ್ನು. ಸಾರ್ವಜನಿಕ ಕಾರ್ಯಕ್ಕೆ ಕೊಟ್ಟ ಹಣವನ್ನು ಒಬ್ಬನ ಕೈಯಲ್ಲಿ ಬಿಡದೆ ಸಂಘದ ಹೊಣೆಗೆ ಒಪ್ಪಿಸುವುದು. ಮೂಲಧನವನ್ನು ಉಳಿಸಿ ಉತ್ಪನ್ನದಿಂದ ಕೆಲಸ ನಡೆಸುವುದು. ಲೆಕ್ಕವನ್ನು ಎಲ್ಲರೂ ಓದಬಹುದಾದ ಸ್ಥಳದಲ್ಲಿ ಬರೆದಿಡುವುದು. ಬಸ್ ತಂಗುದಾಣ, ವಿದ್ಯಾರ್ಥಿನಿಲಯ, ಕಲ್ಯಾಣ ಮಂಟಪ, ಸ್ಮಶಾನದ ಆವರಣ ಗೋಡೆ, ಹೀಗೆ ನಮ್ಮ ಊರುಗಳಲ್ಲಿ ವರ್ತಕರು ಕಟ್ಟಿಸಿದ ಅನೇಕ ಕಟ್ಟಡಗಳಲ್ಲಿ ದಾನಿಯ ಹೆಸರಿನ ಫಲಕ ಹೊಳೆಯುತ್ತಿದ್ದರೂ ಸೋರುವ ಛಾವಣಿಗೆ ದುಡ್ಡಿಲ್ಲದ ಸ್ಥಿತಿ ಅಪರೂಪವಲ್ಲ. ಕಟ್ಟುವುದಕ್ಕೆ ಒಮ್ಮೆ ಹಣ ಸಾಕು. ಕಾಯುವುದಕ್ಕೆ ವ್ಯವಸ್ಥೆ ಬೇಕು.

ಈ ಎಲ್ಲ ಸಂಗತಿಗಳು ಇಂದು ತಿಳಿದುಬಂದಿರುವುದೂ ಬರೆದಿಟ್ಟ ಲೆಕ್ಕದಿಂದಲೇ. ಬಿ.ಎಲ್. ರೈಸ್ ಅವರು ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಅದನ್ನು ವಿಸ್ತರಿಸಿ 1923ರಲ್ಲಿ ಹೊಸ ಆವೃತ್ತಿಯನ್ನು ಹೊರತಂದರು. ಅರಸರ ಪ್ರಶಸ್ತಿಗಳ ಜೊತೆಯಲ್ಲೇ ಮೊಸಳೆಯ ಚಿಕ್ಕ ವ್ಯಾಪಾರಿಯೊಬ್ಬನು ಒಪ್ಪಿಕೊಂಡ ವಾರ್ಷಿಕ ವಂತಿಗೆಯೂ ಅಚ್ಚಾಯಿತು.

ಕೊರವಂಗಲದ ಬೂಚೇಶ್ವರವನ್ನು ನೋಡಲು ಹೋದವರು ಅದರ ಪಕ್ಕದ ಪಾಳುಗುಡಿಗಳನ್ನೂ ನೋಡಿ ಬರುವುದು ಒಳ್ಳೆಯದು. ಮೂರೂ ಒಂದೇ ಮನೆತನದ ಸಿರಿಯಿಂದ ಎದ್ದವು. ಕಾಲವು ಮೂರನ್ನೂ ಒಂದೇ ತೆರನಾಗಿ ಕಾಣಲಿಲ್ಲ. ಗುಡಿಯೊಂದು ಉಳಿಯುವುದಕ್ಕೂ ಅಳಿಯುವುದಕ್ಕೂ ಕಾರಣಗಳು ಹಲವು; ಹೆಸರೊಂದೇ ಅದನ್ನು ನಿರ್ಧರಿಸುವುದಿಲ್ಲ. ಆದರೆ ಅಲ್ಲಿಂದ ಶ್ರವಣಬೆಳಗೊಳಕ್ಕೆ ಹೋಗಿ, ಬೆಟ್ಟ ಹತ್ತುವ ಮೊದಲು ಊರೊಳಗಿನ ನಗರ ಜಿನಾಲಯದ ಮುಂದೆ ಒಂದು ಕ್ಷಣ ನಿಂತ ವರ್ತಕನಿಗೆ, ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತನ್ನಂಥವರ ಮೇಲೆ ಒಬ್ಬ ಪಟ್ಟಣಸ್ವಾಮಿ ಇಟ್ಟ ನಂಬಿಕೆ ಎಷ್ಟು ದೊಡ್ಡದೆಂಬುದು ಮನವರಿಕೆಯಾಗದಿರದು. ಆ ಚಿಕ್ಕ ಬಸದಿಯ ಹೆಸರಿನಲ್ಲಿ ನಾಗದೇವನಿಲ್ಲ. ಅಲ್ಲಿರುವುದು ಅವನ ಊರಿನ ವರ್ತಕರೆಲ್ಲರ ಹೆಸರು.